ಗಂಟೆ ಬಾರಿಸದ ದಿನಗಳ ತೂಕ

2021ರ ಅಕ್ಟೋಬರ್ 25ರಂದು ಕರ್ನಾಟಕದ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದರು. ಕೊರೋನಾದಿಂದ ಶಾಲೆಯ ಬಾಗಿಲು ಮುಚ್ಚಿ ಹತ್ತೊಂಬತ್ತು ತಿಂಗಳಾಗಿತ್ತು. ಒಂದನೇ ತರಗತಿಯ ಕೊನೆಗೆ ಮನೆ ಸೇರಿದ್ದ ಮಗು ಮೂರನೇ ತರಗತಿಯ ಬೆಂಚಿನಲ್ಲಿ ಬಂದು ಕುಳಿತಿತ್ತು. ಬೀರುವಿನಲ್ಲಿ ಮಡಚಿಟ್ಟಿದ್ದ ಸಮವಸ್ತ್ರ ಗಿಡ್ಡವಾಗಿದ್ದರೆ ಅಚ್ಚರಿಯೇನಿಲ್ಲ, ಬೆಳೆಯುವ ವಯಸ್ಸು. ಆದರೆ ಎಷ್ಟೋ ಮನೆಗಳಲ್ಲಿ ಚಡ್ಡಿಯ ಉದ್ದಕ್ಕಿಂತ ಮೊದಲು ಕೈಕೊಟ್ಟದ್ದು ಸೊಂಟದ ಗುಂಡಿ.

ಅಜ್ಜಿಯಂದಿರು ‘ಮೈಕೈ ತುಂಬಿಕೊಂಡಿದ್ದಾನೆ’ ಎಂದು ದೃಷ್ಟಿ ತೆಗೆದರು. ಅಪ್ಪ ಅಮ್ಮ ‘ಕೂತಲ್ಲೇ ಕೂತು ತಿಂದಿದ್ದಕ್ಕೆ’ ಎಂದು ಮಗುವಿನ ಮೇಲೇ ರೇಗಿದರು. ಎರಡೂ ಮಾತು ಮಗುವಿನ ಬಾಯಿ, ಹೊಟ್ಟೆಗಳ ಸುತ್ತಲೇ ಸುತ್ತುತ್ತವೆ. ಆ ಅವಧಿಯಲ್ಲಿ ಬೇರೆ ಬೇರೆ ದೇಶಗಳಲ್ಲಿ ಮಕ್ಕಳನ್ನು ತೂಗಿದವರ ಲೆಕ್ಕವನ್ನು ಮುಂದಿಟ್ಟುಕೊಂಡರೆ ಕಣ್ಣು ಹೋಗುವುದು ಬೇರೆ ಕಡೆಗೆ, ಶಾಲೆಯ ವೇಳಾಪಟ್ಟಿಯ ಕಡೆಗೆ. ಪಾಠಕ್ಕೆಂದು ಮಾಡಿಕೊಂಡಿದ್ದ ಆ ಏರ್ಪಾಡು ಯಾರ ಗಮನಕ್ಕೂ ಬಾರದೆ ಮಕ್ಕಳ ತೂಕವನ್ನೂ ಕಾಯುತ್ತಿತ್ತು. ಅದು ನಿಂತ ಮೇಲೆಯೇ ಈ ಸಂಗತಿ ಅಂಕಿಗಳಲ್ಲಿ ಕಾಣಿಸಿದ್ದು.

ತಕ್ಕಡಿಗೆ ಸಿಕ್ಕ ಸತ್ಯ

ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2021ರ ಸೆಪ್ಟೆಂಬರ್‌ನಲ್ಲಿ ಒಂದು ವರದಿ ಪ್ರಕಟಿಸಿತು. 2ರಿಂದ 19 ವರ್ಷದೊಳಗಿನ 4,32,302 ಮಂದಿಯ ತೂಕ ಮತ್ತು ಎತ್ತರದ ದಾಖಲೆಗಳು ಅದರ ಆಧಾರ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿಎಂಐ. ಸಾಂಕ್ರಾಮಿಕದ ತಿಂಗಳುಗಳಲ್ಲಿ ಈ ಬಿಎಂಐ ಏರುವ ವೇಗ ಹಿಂದಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. 6ರಿಂದ 11 ವರ್ಷದವರಲ್ಲಿ ಎರಡೂವರೆ ಪಟ್ಟು. ಬೊಜ್ಜಿನ ಮಕ್ಕಳ ಪ್ರಮಾಣ 2019ರ ಆಗಸ್ಟ್‌ನಲ್ಲಿ ಶೇ 19.3 ಇದ್ದದ್ದು ಒಂದೇ ವರ್ಷದಲ್ಲಿ ಶೇ 22.4ಕ್ಕೆ ಬಂತು. ಮೊದಲೇ ತೀವ್ರ ಬೊಜ್ಜು ಇದ್ದ ಮಕ್ಕಳು ವರ್ಷಕ್ಕೆ ಸುಮಾರು 4 ಕಿಲೋ ಏರುತ್ತಿದ್ದವರು 6.6 ಕಿಲೋ ಏರುವ ಗತಿಗೆ ಬಂದಿದ್ದರು.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ತನ್ನಲ್ಲಿ ನೋಂದಾಯಿಸಿದ್ದ 1,91,509 ಮಕ್ಕಳ ದಾಖಲೆ ತೆಗೆದು ನೋಡಿತು. 5ರಿಂದ 11 ವರ್ಷದವರಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇದ್ದವರು ಶೇ 36.2ರಿಂದ ಶೇ 45.7ಕ್ಕೆ ಏರಿದ್ದರು. ಎತ್ತರ ಬೆಳೆದದ್ದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವಯಸ್ಸಿನವರು ಸರಾಸರಿ 2.3 ಕಿಲೋ ಹೆಚ್ಚಾಗಿ ಗಳಿಸಿದ್ದರು. 16, 17ರ ಹರೆಯದವರಲ್ಲಿ ಈ ಹೆಚ್ಚಳ ಅದರ ಅರ್ಧಕ್ಕಿಂತ ಕಡಿಮೆ. ದಿನ ಹೇಗೆ ಕಳೆಯಬೇಕೆಂಬುದನ್ನು ತಾವೇ ತೀರ್ಮಾನಿಸಲಾಗದ ಸಣ್ಣ ಮಕ್ಕಳಿಗೇ ಹೆಚ್ಚು ಪೆಟ್ಟು ಬಿದ್ದಿತ್ತು.

ಇಂಗ್ಲೆಂಡಿನ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿ ಶಾಲೆ ಸೇರುವ 4–5 ವರ್ಷದ ಮಕ್ಕಳನ್ನೂ ಪ್ರಾಥಮಿಕ ಶಾಲೆ ಮುಗಿಸುವ 10–11 ವರ್ಷದವರನ್ನೂ ಪ್ರತಿವರ್ಷ ಶಾಲೆಯಲ್ಲೇ ತೂಗುವ ಸರ್ಕಾರಿ ಕಾರ್ಯಕ್ರಮವಿದೆ. 2019–20ರಲ್ಲಿ ಪುಟ್ಟ ಮಕ್ಕಳಲ್ಲಿ ಶೇ 9.9 ಇದ್ದ ಬೊಜ್ಜು ಮರುವರ್ಷ ಶೇ 14.4ಕ್ಕೆ ಜಿಗಿಯಿತು. ದೊಡ್ಡ ಮಕ್ಕಳಲ್ಲಿ ಶೇ 21ರಿಂದ ಶೇ 25.5ಕ್ಕೆ. ಕಾರ್ಯಕ್ರಮ ಶುರುವಾದಾಗಿನಿಂದ ಒಂದೇ ವರ್ಷದಲ್ಲಿ ಇಷ್ಟು ದೊಡ್ಡ ಜಿಗಿತ ಕಂಡಿರಲಿಲ್ಲ.

ಎರಡು ಮೂರು ಬಿಸ್ಕತ್ತಿನ ಅಂತರ

ಇಷ್ಟು ತೂಕ ಏರಬೇಕಾದರೆ ಮಕ್ಕಳು ಎಷ್ಟು ತಿಂದಿರಬೇಕು? ಕ್ಯಾಲಿಫೋರ್ನಿಯಾದ ಆ 2.3 ಕಿಲೋವನ್ನೇ ತೆಗೆದುಕೊಳ್ಳಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶೇಖರವಾಗಿರುತ್ತದೆ. 2.3 ಕಿಲೋ ಎಂದರೆ ಸುಮಾರು 17,700. ಹತ್ತು ತಿಂಗಳಿಗೆ ಹಂಚಿದರೆ ದಿನಕ್ಕೆ 60ರ ಆಸುಪಾಸು. ಭಾರವಾದ ದೇಹಕ್ಕೆ ಖರ್ಚೂ ಹೆಚ್ಚಾದ್ದರಿಂದ ನಿಜವಾದ ಅಂತರ ಇದಕ್ಕಿಂತ ತುಸು ದೊಡ್ಡದು. ಆದರೂ ಇದು ಎರಡು ಮೂರು ಗ್ಲೂಕೋಸ್ ಬಿಸ್ಕತ್ತಿನ ಮಾತು, ಇಲ್ಲವೇ ಲಗೋರಿ ಆಡದೆ ಬಿಟ್ಟ ಒಂದು ಸಣ್ಣ ಹೊತ್ತಿನ ಮಾತು. ಹೊಟ್ಟೆಬಾಕತನದ ಮಾತು ಇಲ್ಲಿ ಏಳುವುದೇ ಇಲ್ಲ. ಯಾವ ತಾಯಿಗೂ ಕಣ್ಣಿಗೆ ಬೀಳದಷ್ಟು ಚಿಕ್ಕ ವ್ಯತ್ಯಾಸ ದಿನವೂ ನಡೆದರೆ ಸಾಕು.

ಆ ವ್ಯತ್ಯಾಸ ಹೇಗೆ ಹುಟ್ಟಿತೆಂಬುದಕ್ಕೆ ಇಟಲಿಯ ವೆರೋನಾದ ಒಂದು ಸಣ್ಣ ಅಧ್ಯಯನದಲ್ಲಿ ಸುಳಿವಿದೆ. ಅಲ್ಲಿನ ವೈದ್ಯರು ತಮ್ಮ ಬಳಿ ಮೊದಲಿನಿಂದ ಚಿಕಿತ್ಸೆಯಲ್ಲಿದ್ದ, ಬೊಜ್ಜಿನ ತೊಂದರೆಯ 41 ಮಕ್ಕಳನ್ನು 2020ರ ಲಾಕ್‌ಡೌನ್ ಶುರುವಾದ ಮೂರು ವಾರಕ್ಕೆ ಮತ್ತೆ ವಿಚಾರಿಸಿದರು. ದಿನದ ಊಟದ ಸರದಿಗೆ ಒಂದಕ್ಕಿಂತ ಹೆಚ್ಚು ಸೇರಿಕೊಂಡಿತ್ತು. ಪರದೆಯ ಮುಂದಿನ ಹೊತ್ತು ದಿನಕ್ಕೆ ಐದು ಗಂಟೆಯಷ್ಟು ಹೆಚ್ಚಿತ್ತು. ಆಟೋಟ ವಾರಕ್ಕೆ ಎರಡು ಗಂಟೆಗೂ ಮಿಕ್ಕಿ ಇಳಿದಿತ್ತು. ಚಿಪ್ಸ್, ಸಿಹಿ ಪಾನೀಯ, ಮಾಂಸ ಹೆಚ್ಚಾಗಿದ್ದವು, ತರಕಾರಿ ಇದ್ದಲ್ಲೇ ಇತ್ತು.

ಸಾಂಕ್ರಾಮಿಕಕ್ಕೆ ಮುಂಚೆಯೇ ಈ ದಿಕ್ಕಿಗೆ ಕೈತೋರಿದ ಇನ್ನೊಂದು ಅಧ್ಯಯನವಿದೆ. ಪಾಲ್ ವಾನ್ ಹಿಪ್ಪೆಲ್ ಮತ್ತು ಜೋಸೆಫ್ ವರ್ಕ್‌ಮನ್ ಎಂಬ ಸಂಶೋಧಕರು ಅಮೆರಿಕದ 18,170 ಮಕ್ಕಳನ್ನು ಶಿಶುವಿಹಾರದಿಂದ ಎರಡನೇ ತರಗತಿವರೆಗೆ ಹಿಂಬಾಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಅವಧಿಯಲ್ಲಿ ಬೊಜ್ಜು ಶೇ 8.9ರಿಂದ ಶೇ 11.5ಕ್ಕೆ ಏರಿತ್ತು. ಏರಿದ್ದೆಲ್ಲ ನಡುವೆ ಬಂದ ಎರಡು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಏರಿಕೆ ಇರಲಿಲ್ಲ.

ನಮ್ಮ ಸಾಮಾನ್ಯ ಶಾಲೆಯೊಂದರ ದಿನವನ್ನು ನೆನೆಯಿರಿ. ಬೆಳಿಗ್ಗೆ ಇಂಥ ಹೊತ್ತಿಗೆ ಏಳಲೇಬೇಕು, ಅಂದರೆ ರಾತ್ರಿ ಇಂಥ ಹೊತ್ತಿಗೆ ಮಲಗಲೇಬೇಕು. ನಡೆದೋ ಸೈಕಲ್ಲಿನಲ್ಲೋ ಹೋಗಬೇಕು. ಪ್ರಾರ್ಥನೆಗೆ ನಿಲ್ಲಬೇಕು. ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ, ಅದರ ಹಿಂದೆ ಮುಂದೆ ಬಾಯಿಗೆ ಏನೂ ಇಲ್ಲ, ಏಕೆಂದರೆ ಕೈಗೆ ಸಿಗುವಂತೆ ಡಬ್ಬಿಗಳಿಲ್ಲ. ವಿರಾಮದಲ್ಲಿ ಓಟ, ಪಿ.ಟಿ. ಪೀರಿಯಡ್ಡಿನಲ್ಲಿ ಖೊಖೊ. ಇವುಗಳಲ್ಲಿ ಯಾವುದನ್ನೂ ತೂಕಕ್ಕಾಗಿ ಮಾಡಿದ್ದಲ್ಲ. ಒಟ್ಟುಗೂಡಿ ಮಾತ್ರ ಅವು ದಿನದ ಆ 60 ಕಿಲೋಕ್ಯಾಲೊರಿಯ ಬಿರುಕು ಬೀಳದಂತೆ ನೋಡಿಕೊಂಡವು.

ಮನೆಯಲ್ಲಿ ಅಡುಗೆಮನೆ ಹತ್ತು ಹೆಜ್ಜೆಯಾಚೆ. ಪಾರ್ಕಿಗೆ ಬೀಗ, ಅಪಾರ್ಟ್‌ಮೆಂಟಿನ ಆಟದ ಜಾಗಕ್ಕೂ ಬೀಗ. ಒಂದು ಕಡೆ ಆನ್‌ಲೈನ್ ತರಗತಿ, ಇನ್ನೊಂದು ಕಡೆ ಚಂದನ ವಾಹಿನಿಯ ‘ಸಂವೇದ’ ಪಾಠ. ಎರಡಕ್ಕೂ ಕೂರಬೇಕಿತ್ತು. ಪಾಠ ಮುಗಿದರೂ ಮೊಬೈಲು ಕೈಯಿಂದ ಇಳಿಯುತ್ತಿರಲಿಲ್ಲ. ಹೊರಗೆ ಹೋಗಲಾರದ ಮಗುವನ್ನು ಸಮಾಧಾನಪಡಿಸಲು ಮನೆಯವರ ಕೈಯಲ್ಲಿದ್ದ ಸುಲಭದ ದಾರಿ ತಿಂಡಿಯೇ: ಇವತ್ತು ಬೋಂಡ, ನಾಳೆ ಯೂಟ್ಯೂಬ್ ನೋಡಿ ಕುಕ್ಕರಿನಲ್ಲಿ ಮಾಡಿದ ಕೇಕು. ಅಂಗಡಿ ಯಾವಾಗ ಮುಚ್ಚುತ್ತದೋ ಎಂಬ ಭಯಕ್ಕೆ ಕೆಡದ ಪದಾರ್ಥಗಳನ್ನು ತುಂಬಿಟ್ಟುಕೊಂಡದ್ದೂ ಉಂಟು. 2020ರ ಮಾರ್ಚ್‌ನಿಂದ ಮೇ ತನಕದ ತಿಂಗಳುಗಳಲ್ಲಿ ಪಾರ್ಲೆ–ಜಿ ಬಿಸ್ಕತ್ತು ದಶಕಗಳಲ್ಲೇ ಕಾಣದಷ್ಟು ಮಾರಾಟವಾಯಿತೆಂದು ಕಂಪನಿ ಹೇಳಿಕೊಂಡಿತು. ಊರಿಗೆ ನಡೆದು ಹೊರಟ ಕಾರ್ಮಿಕರ ಹಸಿವು ತಣಿಸಿದ್ದೂ ಅದೇ, ಮಧ್ಯಮ ವರ್ಗದ ಮನೆಯ ಡಬ್ಬಿ ತುಂಬಿದ್ದೂ ಅದೇ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಒಳ್ಳೆಯ ನಿಯಮ ಹೊರಡಿಸಿತು: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಒಳಗಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರಕೂಡದು. ನಿಯಮ ಬಂದಾಗ ಶಾಲೆಗಳಿಗೆ ಬೀಗ ಬಿದ್ದಿತ್ತು. ಆ ತಿನಿಸು ಮಕ್ಕಳಿಂದ ಐದು ಮೀಟರ್ ದೂರದ ಕಪಾಟಿನಲ್ಲಿತ್ತು.

ಒಂದೇ ಬೀಗ, ಎರಡು ಬಗೆಯ ಪೆಟ್ಟು

ಎಲ್ಲ ಮಕ್ಕಳೂ ದಪ್ಪಗಾದರು ಎಂದರೆ ಅದು ನಮ್ಮ ನಾಡಿಗೆ ಮಾಡುವ ಅನ್ಯಾಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿಗಾಗಿ ಕರ್ನಾಟಕದಲ್ಲಿ ಮಾಹಿತಿ ಸಂಗ್ರಹಿಸಿದ್ದು 2019ರ ದ್ವಿತೀಯಾರ್ಧದಲ್ಲಿ, ಕೊರೋನಾಕ್ಕೆ ಮುಂಚೆ. ಆಗಲೇ ಐದು ವರ್ಷದೊಳಗಿನ ಮೂರರಲ್ಲಿ ಒಂದು ಮಗುವಿಗಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇಂಥ ಮನೆಗಳ ಮಕ್ಕಳಿಗೆ ಶಾಲೆಯ ಗಂಟೆಯೆಂದರೆ ಊಟದ ಗಂಟೆಯೂ ಹೌದು. ಬೀಗ ಬಿದ್ದಾಗ ಅಕ್ಷರ ದಾಸೋಹದ ಬಿಸಿಯೂಟ ನಿಂತಿತು, ಕ್ಷೀರಭಾಗ್ಯದ ಹಾಲೂ ನಿಂತಿತು. ಬದಲಿಗೆ ಅಕ್ಕಿ, ಬೇಳೆ ಮನೆಗೆ ಕೊಟ್ಟರು. ಶಾಲೆಯ ತಟ್ಟೆಗೆ ಬಿದ್ದ ಅನ್ನ ಮಗುವಿನದು. ಮನೆಗೆ ಬಂದ ಅಕ್ಕಿ ಕೂಲಿ ತಪ್ಪಿದ ಇಡೀ ಕುಟುಂಬದ್ದು.

ಹಾಗೆಂದು ಬೊಜ್ಜನ್ನು ಸಿರಿವಂತರ ಕಾಯಿಲೆ ಎಂದು ಪಕ್ಕಕ್ಕಿಡುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ 2020–21ರಲ್ಲಿ ತೀರ ಬಡ ಪ್ರದೇಶಗಳ 10–11 ವರ್ಷದವರಲ್ಲಿ ಬೊಜ್ಜು ಶೇ 33.8, ಅನುಕೂಲಸ್ಥರ ಪ್ರದೇಶಗಳಲ್ಲಿ ಶೇ 14.3. ಹೊಟ್ಟೆ ತುಂಬಿಸುವ ಅಗ್ಗದ ತಿನಿಸು ಎಣ್ಣೆ, ಸಕ್ಕರೆ, ಮೈದಾದ್ದೇ ಆಗಿರುವಲ್ಲಿ, ಆಡಲು ಅಂಗಳವಿಲ್ಲದಲ್ಲಿ ಬಡವರ ಮಕ್ಕಳೇ ಮೊದಲು ಊದುತ್ತಾರೆ. ನಮ್ಮ ನಗರಗಳ ಒಂದೇ ಕೋಣೆಯ ಬಾಡಿಗೆ ಮನೆಗಳು, ಐದು ರೂಪಾಯಿ ಪೊಟ್ಟಣಗಳು ನೇತಾಡುವ ಗೂಡಂಗಡಿಗಳು ಆ ದಾರಿಯಲ್ಲೇ ಇವೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನಂತೆ ಭಾರತದಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷವಿದ್ದರೆ 2022ರಲ್ಲಿ 1.25 ಕೋಟಿ. ಕೊರೋನಾ ಈ ಹಾದಿಯನ್ನು ತೆರೆಯಲಿಲ್ಲ. ಆಗಲೇ ತೆರೆದಿದ್ದ ಹಾದಿಯಲ್ಲಿ ಮಕ್ಕಳನ್ನು ಬೇಗ ಬೇಗ ನಡೆಸಿತು.

ಮೈಸೂರಿನ ಶಿಶುಗಳು ಹೇಳಿದ್ದು

ನಮ್ಮ ಮಕ್ಕಳ ವಿಚಾರದಲ್ಲಿ ತಕ್ಕಡಿ ತೋರಿಸುವುದು ಪೂರ್ತಿ ಕಥೆಯಲ್ಲ. ಇದನ್ನು ಕಂಡುಹಿಡಿದ ಜಾಗಗಳಲ್ಲಿ ಒಂದು ಮೈಸೂರು. ಮಿಷನ್ ಆಸ್ಪತ್ರೆ ಎಂದೇ ಊರವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ‘ಪಾರ್ಥೆನಾನ್’ ಅಧ್ಯಯನದ ವೈದ್ಯರು ಹುಟ್ಟಿನಿಂದಲೇ ಅಳೆಯುತ್ತ ಬಂದರು. ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳ ತೂಕ ಕಡಿಮೆ, ತೋಳು ಸಣ್ಣ, ಹೊಟ್ಟೆಯೂ ಸಣ್ಣ. ಆದರೆ ಬೆನ್ನಿನ ಮೇಲ್ಭಾಗದಲ್ಲಿ ಚರ್ಮದಡಿಯ ಕೊಬ್ಬು ಮಾತ್ರ ಅವರಿಗಿಂತ ಕಡಿಮೆಯಿರಲಿಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರೂ ತಮ್ಮ ಭಾಗದ ಶಿಶುಗಳಲ್ಲಿ ಇದನ್ನೇ ಕಂಡು, ನೋಡಲು ಸಣಕಲಾದರೂ ಒಳಗೆ ಕೊಬ್ಬು ಹೊತ್ತ ಭಾರತೀಯ ಮಗುವಿನ ಬಗ್ಗೆ ಜಗತ್ತಿನ ಗಮನ ಸೆಳೆದರು.

ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವ ದೇಹಕ್ಕೆ ನಾಲ್ಕು ಕಿಲೋ ಏರಿಕೆಯೂ ಭಾರ. ಕೇಂದ್ರ ಸರ್ಕಾರ 2016–18ರಲ್ಲಿ ನಡೆಸಿದ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ಅಧಿಕ ತೂಕದವರು ಶೇ 5 ಮಾತ್ರ. ಆದರೆ ಮಧುಮೇಹದ ಹೊಸ್ತಿಲಲ್ಲಿದ್ದವರು ಶೇ 10. ಎಂದರೆ ದಪ್ಪಗೆ ಕಾಣದ ಮಕ್ಕಳ ರಕ್ತದಲ್ಲೂ ಸಕ್ಕರೆ ಏರಿತ್ತು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ತಂದ ಬೆಳವಣಿಗೆ ನಕ್ಷೆಗಳಲ್ಲಿ ಗೆರೆಗಳನ್ನು ಕೆಳಕ್ಕಿಳಿಸಿದ್ದು ಈ ಮೈಕಟ್ಟಿನ ಕಾರಣಕ್ಕೇ. ಅಂತರರಾಷ್ಟ್ರೀಯ ನಕ್ಷೆ ವಯಸ್ಕರ ಬಿಎಂಐ 25 ಮತ್ತು 30ಕ್ಕೆ ಸಮನಾದ ಗೆರೆ ಎಳೆದರೆ, ನಮ್ಮದು 23 ಮತ್ತು 27ಕ್ಕೆ ಸಮನಾಗಿ ಎಳೆಯುತ್ತದೆ.

ಇಳಿದವರು, ಇಳಿಯದವರು

ಶಾಲೆ ತೆರೆದ ಮೇಲೆ ಏನಾಯಿತು? ಮತ್ತೆ ಇಂಗ್ಲೆಂಡಿನ ಲೆಕ್ಕಕ್ಕೇ ಹೋಗಬೇಕು. 4–5 ವರ್ಷದವರಲ್ಲಿ ಶೇ 14.4ಕ್ಕೆ ಏರಿದ್ದ ಬೊಜ್ಜು ಮರುವರ್ಷವೇ ಶೇ 10.1ಕ್ಕೆ, ಆಮೇಲೆ ಶೇ 9.2ಕ್ಕೆ ಇಳಿಯಿತು. 10–11 ವರ್ಷದವರಲ್ಲಿ ಶೇ 25.5 ಇದ್ದದ್ದು ಶೇ 23.4, ಬಳಿಕ ಶೇ 22.7. ಇಳಿದರೂ ಕೊರೋನಾ ಪೂರ್ವದ ಶೇ 21ಕ್ಕೆ ಮುಟ್ಟಲಿಲ್ಲ.

ಪುಟ್ಟ ಮಕ್ಕಳ ಪರವಾಗಿ ಎತ್ತರ ಕೆಲಸ ಮಾಡುತ್ತದೆ. ಕೂಸಾಗಿದ್ದಾಗಿನ ದುಂಡುತನ ಕರಗುತ್ತ ಐದಾರು ವರ್ಷದ ಹೊತ್ತಿಗೆ ಮಗು ಅತ್ಯಂತ ತೆಳ್ಳಗಾಗುತ್ತದೆ, ಅಲ್ಲಿಂದ ಮುಂದೆ ಬಿಎಂಐ ಮತ್ತೆ ಏರತೊಡಗುತ್ತದೆ. ಈ ತಿರುವು ಬೇಗ ಬಂದಷ್ಟೂ ಮುಂದೆ ಬೊಜ್ಜಿನ ಸಂಭವ ಹೆಚ್ಚು ಎಂದು ಫ್ರಾನ್ಸಿನ ಸಂಶೋಧಕರು 1984ರಲ್ಲೇ ತೋರಿಸಿದ್ದರು. ಹತ್ತರ ಹರೆಯದಲ್ಲಾದರೆ ಪ್ರೌಢಾವಸ್ಥೆ ಬಾಗಿಲಲ್ಲಿರುತ್ತದೆ, ಕೈಯಲ್ಲಿ ಪುಡಿಗಾಸು ಇರುತ್ತದೆ, ಮೊಬೈಲಿನ ಚಟ ಕೂತಿರುತ್ತದೆ. ಈ ವಯಸ್ಸಿನಲ್ಲಿ ಏರಿದ ತೂಕ ದೊಡ್ಡವರಾದ ಮೇಲೂ ಜೊತೆಗೆ ಬರುವ ಸಾಧ್ಯತೆ ಹೆಚ್ಚು.

ತೂಕದ ಬೆನ್ನಿಗೇ ಬೇರೆ ತೊಂದರೆಗಳೂ ಬಂದವು. ಅಮೆರಿಕದ 24 ಮಕ್ಕಳ ಮಧುಮೇಹ ಕೇಂದ್ರಗಳಲ್ಲಿ ಹೊಸದಾಗಿ ಪತ್ತೆಯಾದ ಎರಡನೇ ಬಗೆಯ ಮಧುಮೇಹ ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಹಿಂದಿನ ಎರಡು ವರ್ಷಗಳ ಸರಾಸರಿಗಿಂತ ಶೇ 77ರಷ್ಟು ಹೆಚ್ಚಿತ್ತು. ಇಟಲಿಯಲ್ಲೂ ನಮ್ಮ ಪುಣೆಯಲ್ಲೂ ಹೆಣ್ಣುಮಕ್ಕಳಲ್ಲಿ ವಯಸ್ಸಿಗೆ ಮುಂಚೆಯೇ ಮೈನೆರೆಯುವ ಲಕ್ಷಣಗಳು ಹೆಚ್ಚಾದುದನ್ನು ಹಾರ್ಮೋನು ತಜ್ಞರು ದಾಖಲಿಸಿದರು. ಇದಕ್ಕೆ ತೂಕ, ಪರದೆ, ನಿದ್ದೆ, ಆತಂಕ ಎಲ್ಲದರ ಮೇಲೂ ಅನುಮಾನವಿದೆ. ಯಾವುದೋ ಒಂದರ ಮೇಲೆ ಹೊಣೆ ಹೊರಿಸುವ ಹಾಗಿಲ್ಲ.

ಕತ್ತಿನ ಹಿಂದಿನ ಕಪ್ಪು

ಮನೆಯವರು ಗಮನಿಸಬಹುದಾದ ಗುರುತುಗಳು ಎರಡು ಮೂರಿವೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತಾದರೆ ಅದು ಕೊಳೆಯಲ್ಲ. ಎಷ್ಟೋ ತಾಯಂದಿರು ಸ್ನಾನದಲ್ಲಿ ಅದನ್ನು ಉಜ್ಜಿ ಉಜ್ಜಿ ಮಗುವನ್ನು ಅಳಿಸುತ್ತಾರೆ. ದೇಹ ಇನ್ಸುಲಿನ್ನಿನ ಮಾತು ಕೇಳದಿದ್ದಾಗ ಅದು ರಕ್ತದಲ್ಲಿ ಹೆಚ್ಚುತ್ತದೆ, ಅದರ ಸೂಚನೆಯೇ ಸಾಮಾನ್ಯವಾಗಿ ಈ ಕಪ್ಪು. ಉಜ್ಜುವುದು ಬಿಟ್ಟು ಮಕ್ಕಳ ವೈದ್ಯರಿಗೆ ತೋರಿಸಬೇಕು. ಇನ್ನೊಂದು, ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ದಾಟಬಾರದು. ಟೇಪು ಇದ್ದರೆ ಸಾಕು, ಆರು ವರ್ಷ ದಾಟಿದ ಮಕ್ಕಳಿಗೆ ಇದು ಒಳ್ಳೆಯ ಸ್ಥೂಲ ಅಳತೆ. ದೊಡ್ಡವರ ಬಿಎಂಐ ಅಂಕಿಯನ್ನು ಮಾತ್ರ ಮಕ್ಕಳಿಗೆ ಹಚ್ಚಬಾರದು. ಗಂಡೋ ಹೆಣ್ಣೋ, ವಯಸ್ಸೆಷ್ಟು ಎಂಬುದನ್ನು ನೋಡಿ ನಕ್ಷೆಯ ಮೇಲೆ ಗುರುತಿಸಬೇಕು.

ಗುರುತು ಕಂಡರೆ ಊಟ ಬಿಡಿಸುವುದು ಮದ್ದಲ್ಲ. ಬೆಳೆಯುವ ಮಗುವಿನ ತೂಕವನ್ನು ಬಹಳ ಸಲ ಇಳಿಸಬೇಕಾಗಿಯೇ ಇಲ್ಲ. ಇದ್ದಲ್ಲಿ ನಿಲ್ಲಿಸಿದರೆ ಏರುವ ಎತ್ತರ ಮಿಕ್ಕದ್ದನ್ನು ಮಾಡುತ್ತದೆ. ತೀವ್ರ ಬೊಜ್ಜಾದರೆ ಮಾತ್ರ ವೈದ್ಯರ ಕಣ್ಗಾವಲಿನಲ್ಲಿ ಇಳಿಸಬೇಕಾಗುತ್ತದೆ. ಮನೆಯಲ್ಲಿ ಮಾಡಬೇಕಾದದ್ದು ಶಾಲೆಯ ದಿನ ಮಾಡುತ್ತಿದ್ದುದನ್ನೇ: ತಿಂಡಿಗೆ, ಊಟಕ್ಕೆ, ಮಲಗುವುದಕ್ಕೆ ಹೊತ್ತು ಗೊತ್ತುಮಾಡುವುದು; ಟಿವಿ ಮುಂದೆ ತಟ್ಟೆ ಇಡದಿರುವುದು; ಸಿಹಿ ಪಾನೀಯದ ಬಾಟಲಿ ಮನೆಗೇ ತಾರದಿರುವುದು. ಅದಕ್ಕೆ ಕೂಡಿಸಬೇಕಾದದ್ದು ಏದುಸಿರು ಬರುವಂಥ ಆಟ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಮಂದಿಗೆಲ್ಲ ಒಂದೇ ನಿಯಮವಿರಲಿ. ಒಂದು ಮಗುವಿನ ತಟ್ಟೆಯನ್ನಷ್ಟೇ ಬೇರೆ ಮಾಡಿ, ‘ಡುಮ್ಮ’ ಎಂದು ಕರೆದರೆ ಆ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ, ಆಟದ ಬಯಲಿನಿಂದ ದೂರ ಸರಿಯುತ್ತದೆ.

ಏಪ್ರಿಲ್ ಮತ್ತೆ ಬರುತ್ತದೆ

ಮನೆಯೊಂದೇ ಇದನ್ನು ಹೊರಲಾರದು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಅಂಗಳವಿಲ್ಲದ ಮನೆಗೆ ವೇಳಾಪಟ್ಟಿಯ ಉಪದೇಶ ಮಾಡುವುದು ಸುಲಭ. ಸರ್ಕಾರದ ಕೈಯಲ್ಲಿ ಆಗಲೇ ಇರುವ ಉಪಕರಣಗಳನ್ನು ನೋಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಕಾರ್ಯಕ್ರಮ ರೂಪಿಸುವಾಗ ಪಟ್ಟಿ ಮಾಡಿದ ಮೂವತ್ತು ತೊಂದರೆಗಳಲ್ಲಿ ತೀವ್ರ ಅಪೌಷ್ಟಿಕತೆ ಇದೆ, ರಕ್ತಹೀನತೆ ಇದೆ, ಬೊಜ್ಜು ಇಲ್ಲ.

ಅಳೆದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2021ರ ಡಿಸೆಂಬರ್‌ನಲ್ಲಿ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ದೊಡ್ಡ ವಿವಾದವೆದ್ದಿತು. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆಯನ್ನು ಮೊಟ್ಟೆ ಕೊಡದ ಗದಗದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನ ಸ್ಪಷ್ಟ ವ್ಯತ್ಯಾಸ ತೋರಿಸಿತು. ಮುಂದೆ ಮೊಟ್ಟೆ ರಾಜ್ಯಕ್ಕೆಲ್ಲ ಹಬ್ಬಿತು. ಸೊರಗಿದ ಮಗುವಿಗಾಗಿ ತಂದ ತಕ್ಕಡಿಯೇ ಊದುತ್ತಿರುವ ಮಗುವನ್ನೂ ಹಿಡಿದುಕೊಡಬಲ್ಲದು. ವರ್ಷಕ್ಕೆರಡು ಸಲ, ಜೂನ್‌ನಲ್ಲಿ ಶಾಲೆ ತೆರೆದಾಗ ಮತ್ತು ಮಾರ್ಚ್‌ನಲ್ಲಿ ಮುಚ್ಚುವ ಮುಂಚೆ, ಎತ್ತರ–ತೂಕ ಬರೆದಿಟ್ಟರೆ ರಜೆ ನಮ್ಮ ಮಕ್ಕಳಿಗೆ ಏನು ಮಾಡುತ್ತಿದೆಯೆಂಬುದು ನಮ್ಮದೇ ಅಂಕಿಗಳಲ್ಲಿ ತಿಳಿಯುತ್ತದೆ. ಸರ್ಕಾರಿ ಶಾಲೆಗಷ್ಟೇ ಅಲ್ಲ, ಮೈದಾನವೇ ಇಲ್ಲದೆ ಮೂರನೇ ಮಹಡಿಯಲ್ಲಿ ನಡೆಯುವ ಖಾಸಗಿ ಶಾಲೆಗಳಿಗೂ ಇದು ಕಡ್ಡಾಯವಾಗಬೇಕು.

ಸಾಂಕ್ರಾಮಿಕ ಮತ್ತೆ ಯಾವಾಗ ಬರುತ್ತದೆಂದು ಹೇಳಲಾಗದು. ಬೇಸಿಗೆ ರಜೆ ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ಬರುತ್ತದೆ, ಆ ಹತ್ತೊಂಬತ್ತು ತಿಂಗಳ ಕಿರು ಆವೃತ್ತಿಯನ್ನು ಮನೆಮನೆಗೂ ಹಂಚುತ್ತದೆ. ಬರಗಾಲ ಬಿದ್ದ ವರ್ಷಗಳಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳನ್ನು ರಜೆಯಲ್ಲೂ ಬಿಸಿಯೂಟಕ್ಕಾಗಿ ತೆರೆದ ರೂಢಿ ನಮ್ಮಲ್ಲಿದೆ. ಊಟಕ್ಕೆ ತೆರೆಯುವ ಗೇಟನ್ನು ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ಆಟಕ್ಕೂ ತೆರೆಯಬಹುದು. ಬೇಕಾದದ್ದು ಒಬ್ಬ ಕಾವಲಿನವರು, ಎರಡು ಚೆಂಡು ಮತ್ತು ಜಿಲ್ಲಾಡಳಿತದ ಒಂದು ಆದೇಶ.